ಕಡತಕ್ಕೆ ಒಪ್ಪಿಗೆ ದೊರೆತರೆ ಲೆಕ್ಕ ಸರಿಯಾಯಿತೆ?

ತೂಬಿನಕೆರೆ ಕೈಗಾರಿಕಾ ಪ್ರದೇಶದ ಸಣ್ಣ ಘಟಕವೊಂದರಿಂದ ಬೆಂಗಳೂರಿನ ದೊಡ್ಡ ಕಾರ್ಖಾನೆಗೆ ಬಿಡಿಭಾಗಗಳು ಹೋಗಬೇಕಾಗಿವೆ ಎನ್ನಿ. ಸರಕು ಸಿದ್ಧವಾಗಿದೆ, ಲಾರಿ ಬಾಗಿಲಲ್ಲಿ ನಿಂತಿದೆ. ಆದರೆ ಖರೀದಿದಾರರ ಗಣಕ ವ್ಯವಸ್ಥೆಗೆ ಮುಂಗಡವಾಗಿ ಕಳುಹಿಸಬೇಕಾದ ಎಕ್ಸ್‌ಎಂಎಲ್ ಕಡತ ತಿರಸ್ಕೃತವಾಗಿ ಹಿಂದಿರುಗಿದೆ. 214ನೆಯ ಸಾಲಿನ 'ಮೊತ್ತ' ಎಂಬ ಅಂಶ ಸ್ಕೀಮಾಕ್ಕೆ ಹೊಂದುವುದಿಲ್ಲ ಎಂಬುದು ಅದರ ಜೊತೆಗೆ ಬಂದ ಒಕ್ಕಣೆ. ಲೆಕ್ಕಿಗರು ಮೊತ್ತವನ್ನು ಮೂರು ಬಾರಿ ಕೂಡಿ ನೋಡುತ್ತಾರೆ. ಮೊತ್ತ ಸರಿಯಾಗಿಯೇ ಇದೆ. ಕಡತ ಮತ್ತೆ ಹೋಗುತ್ತದೆ, ಮತ್ತೆ ಹಿಂದಿರುಗುತ್ತದೆ. ಲಾರಿಯ ಕಾಯುವಿಕೆಯ ಬಾಡಿಗೆ ಏರುತ್ತಿದೆ. ಕೊನೆಗೆ ತಿಳಿದುಬರುವುದೇನೆಂದರೆ, ಮೊತ್ತದಲ್ಲಿ ಯಾವ ದೋಷವೂ ಇರಲಿಲ್ಲ. ಅದಕ್ಕೆ ಮುಂಚೆ ಬರಬೇಕಾಗಿದ್ದ 'ಪ್ರಮಾಣ' ಎಂಬ ಅಂಶವೇ ಬಿಟ್ಟುಹೋಗಿತ್ತು.

ಇದು ಕಲ್ಪಿತ ಪ್ರಸಂಗವಾದರೂ ಇದರ ಪ್ರತಿಯೊಂದು ಹಂತವೂ ಗಣಕದ ಮೂಲಕ ವ್ಯವಹರಿಸುವ ಉದ್ದಿಮೆದಾರರಿಗೆ ಪರಿಚಿತವೇ. ಇಂಥ ತೊಡಕುಗಳನ್ನು 'ಕಂಪ್ಯೂಟರ್ ಹುಡುಗನ ಕೆಲಸ' ಎಂದು ತಳ್ಳಿಹಾಕುವ ರೂಢಿ ಮಂಡ್ಯ, ಮದ್ದೂರು, ಮಳವಳ್ಳಿಗಳ ವಾಣಿಜ್ಯ ವಲಯದಲ್ಲಿ ಇಂದಿಗೂ ಉಳಿದಿದೆ. ಆ ರೂಢಿ ಏಕೆ ದುಬಾರಿಯಾಗುತ್ತಿದೆ ಎಂಬುದನ್ನು ಪರಿಶೀಲಿಸುವುದು ಅವಶ್ಯಕ.

ಬಳಕೆಗೆ ಬಂದ ಬಗೆ

ಎಕ್ಸ್‌ಎಂಎಲ್ ಎಂಬುದು ಮಾಹಿತಿಗೆ ಹೆಸರಿನ ಪಟ್ಟಿ ಕಟ್ಟಿ ಕಳುಹಿಸುವ ಒಂದು ವಿಧಾನ. ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಸಂಸ್ಥೆಯು 1998ರ ಫೆಬ್ರುವರಿಯಲ್ಲಿ ಇದನ್ನು ಶಿಫಾರಸು ಮಾಡಿತು. ಇಂಥ ಕಡತದಲ್ಲಿ ಯಾವ ಅಂಶ ಎಲ್ಲಿ, ಎಷ್ಟು ಬಾರಿ, ಯಾವ ರೂಪದಲ್ಲಿ ಇರಬೇಕು ಎಂದು ವಿಧಿಸುವ ನಿಯಮಾವಳಿಯೇ ಸ್ಕೀಮಾ. ಅದರ ಶಿಫಾರಸು 2001ರ ಮೇ ತಿಂಗಳಲ್ಲಿ ಬಂದಿತು. ಕಡತವನ್ನು ಸ್ಕೀಮಾದೊಡನೆ ಹೋಲಿಸಿ ನೋಡುವ ಕ್ರಿಯೆಯನ್ನು ತಾಳೆ ಪರೀಕ್ಷೆ ಎಂದು ಕರೆಯಬಹುದು.

ಕರ್ನಾಟಕದ ವರ್ತಕರಿಗೆ ಇದು ಹೊಸದಲ್ಲ. ಜಿಎಸ್‌ಟಿಗೆ ಮುಂಚಿನ ವ್ಯಾಟ್ ಕಾಲದಲ್ಲಿ ವಾಣಿಜ್ಯ ತೆರಿಗೆಗಳ ಇಲಾಖೆಯ ಇ-ಉಪಾಸ್ ವ್ಯವಸ್ಥೆಗೆ ಖರೀದಿ ಮತ್ತು ಮಾರಾಟದ ವಿವರಗಳು ಎಕ್ಸ್‌ಎಂಎಲ್ ಕಡತಗಳಾಗಿಯೇ ಹೋಗುತ್ತಿದ್ದವು. 2010-11ನೆಯ ಹಣಕಾಸು ವರ್ಷದಿಂದ ಕೆಲವು ವರ್ಗದ ಕಂಪನಿಗಳು ತಮ್ಮ ಆಯವ್ಯಯ ಪಟ್ಟಿಗಳನ್ನು ಎಕ್ಸ್‌ಎಂಎಲ್ ಆಧಾರಿತವಾದ ಎಕ್ಸ್‌ಬಿಆರ್‌ಎಲ್ ರೂಪದಲ್ಲಿ ಸಲ್ಲಿಸಬೇಕಾಯಿತು. ಆದಾಯ ತೆರಿಗೆಯ ವಿವರಪಟ್ಟಿಗಳು 2020-21ನೆಯ ಕರನಿರ್ಧಾರಣ ವರ್ಷದವರೆಗೂ ಎಕ್ಸ್‌ಎಂಎಲ್ ರೂಪದಲ್ಲಿದ್ದು, ಮರುವರ್ಷದಿಂದ ಜೆಸನ್ ರೂಪಕ್ಕೆ ಬದಲಾದವು. ಜಿಎಸ್‌ಟಿಯ ಇ-ಇನ್‌ವಾಯ್ಸ್ ಕೂಡ ಜೆಸನ್ ರೂಪದ್ದು. ಹೆಸರು ಬದಲಾದರೂ ತತ್ತ್ವ ಒಂದೇ: ಅಲ್ಲಿಯೂ ಒಂದು ಸ್ಕೀಮಾ ಇದೆ, ಅಲ್ಲಿಯೂ ತಾಳೆ ಪರೀಕ್ಷೆ ನಡೆಯುತ್ತದೆ. ಅಂಗಡಿ ಮಳಿಗೆಗಳಲ್ಲಿ ನಿತ್ಯ ಬಳಕೆಯಲ್ಲಿರುವ ಟ್ಯಾಲಿ ತಂತ್ರಾಂಶವು ಇಂದಿಗೂ ಎಕ್ಸ್‌ಎಂಎಲ್ ಮೂಲಕ ಮಾಹಿತಿಯನ್ನು ಆಮದು ಮತ್ತು ರಫ್ತು ಮಾಡುತ್ತದೆ.

ತಿರಸ್ಕಾರದ ಕಾರಣ ಒಂದೆಡೆ, ದೂರು ಇನ್ನೊಂದೆಡೆ

ಪರೀಕ್ಷಕ ತಂತ್ರಾಂಶವು ಕಡತವನ್ನು ಮೇಲಿನಿಂದ ಕೆಳಗೆ ಓದುತ್ತ ಹೋಗುತ್ತದೆ. ಅಂಶಗಳ ಕ್ರಮವನ್ನು ಸ್ಕೀಮಾ ನಿಗದಿಪಡಿಸಿದ್ದಲ್ಲಿ, ನಡುವಿನ ಒಂದು ಅಂಶ ಬಿಟ್ಟುಹೋದರೆ ಅದರ ಮುಂದಿನ ಅಂಶ ಎದುರಾದಾಗಲೇ ದೋಷ ಗೋಚರಿಸುತ್ತದೆ. ಆದ್ದರಿಂದ ನಿರಪರಾಧಿಯಾದ ಮುಂದಿನ ಅಂಶದ ಮೇಲೆ ದೂರು ಬೀಳುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಇಲ್ಲಿ ನೆನೆಯಬಹುದು. ದೋಷಸೂಚಿಯು ತೋರಿಸುವುದು ಪರೀಕ್ಷೆ ನಿಂತ ಸ್ಥಳವನ್ನೇ ಹೊರತು ತಪ್ಪು ನಡೆದ ಸ್ಥಳವನ್ನಲ್ಲ. ಆ ಸಾಲಿನ ಮೇಲಿನ ಕೆಲವು ಸಾಲುಗಳನ್ನು ಮೊದಲು ನೋಡುವುದು ಜಾಣತನ. ಒಂದೇ ತಪ್ಪು ಹತ್ತು ಸೂಚನೆಗಳನ್ನು ಹುಟ್ಟಿಸಬಲ್ಲದಾದ್ದರಿಂದ ಮೊದಲನೆಯ ಸೂಚನೆಯನ್ನು ಸರಿಪಡಿಸಿ, ಮತ್ತೆ ಪರೀಕ್ಷಿಸಿ, ಬಳಿಕವಷ್ಟೇ ಉಳಿದವುಗಳ ಕಡೆಗೆ ಗಮನ ಕೊಡಬೇಕು.

ಕೆಲವು ತಿರಸ್ಕಾರಗಳಿಗೆ ಸ್ಕೀಮಾದ ಸಂಬಂಧವೇ ಇರುವುದಿಲ್ಲ. ಕಡತದ ಮೂಲ ರಚನೆ ಸರಿಯಿಲ್ಲದಿದ್ದರೆ ತಾಳೆ ಪರೀಕ್ಷೆಯ ಹಂತಕ್ಕೆ ಅದು ತಲುಪುವುದೇ ಇಲ್ಲ. ವ್ಯಾಪಾರ ಸಂಸ್ಥೆಗಳ ಹೆಸರಿನಲ್ಲಿ 'ಮತ್ತು' ಎಂಬುದಕ್ಕೆ ಬದಲಾಗಿ '&' ಚಿಹ್ನೆ ಬರೆಯುವುದು ಸಾಮಾನ್ಯ. ಎಕ್ಸ್‌ಎಂಎಲ್‌ನಲ್ಲಿ ಈ ಚಿಹ್ನೆಗೆ ವಿಶೇಷ ಅರ್ಥವಿದೆ. ಅದನ್ನು ನಿಗದಿತ ಸಂಕೇತರೂಪದಲ್ಲಿ ಬರೆಯದೆ ಹಾಗೆಯೇ ಇಟ್ಟರೆ ಇಡೀ ಕಡತ ಬಿದ್ದುಹೋಗುತ್ತದೆ. ಕಡತದ ಮೊದಲ ಘೋಷಣೆಗೆ ಮುನ್ನ ಒಂದು ಖಾಲಿ ಸಾಲು ಇದ್ದರೂ ಇದೇ ಗತಿ. ಟ್ಯಾಗ್‌ಗಳ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳ ವ್ಯತ್ಯಾಸವೂ ಗಣನೆಗೆ ಬರುತ್ತದೆ. ನೂರು ಬಿಲ್ಲುಗಳ ಕಡತವು ಒಬ್ಬ ಗಿರಾಕಿಯ ಹೆಸರಿನ ಒಂದು ಚಿಹ್ನೆಯಿಂದಾಗಿ ಹಿಂದಿರುಗುವುದು ಈ ಕಾರಣದಿಂದಲೇ.

ಎಕ್ಸೆಲ್ ಹಾಳೆಯ ಉಪಕಾರ, ಅಪಕಾರ

ಸಣ್ಣ ಘಟಕಗಳ ಮಾಹಿತಿ ಬಹುಪಾಲು ಎಕ್ಸೆಲ್ ಹಾಳೆಯಿಂದ ಹೊರಡುತ್ತದೆ. ಆ ಹಾಳೆ ಮನುಷ್ಯನ ಕಣ್ಣಿಗೆ ಅನುಕೂಲವಾಗಲೆಂದು ಮಾಡುವ ಅಲಂಕಾರಗಳೇ ಪರೀಕ್ಷೆಯಲ್ಲಿ ಅಡ್ಡಿಯಾಗುತ್ತವೆ. 1,25,000 ಎಂದು ಅಲ್ಪವಿರಾಮ ಹಾಕಿ ಬರೆದ ಸಂಖ್ಯೆಯನ್ನು ಎಕ್ಸ್‌ಎಂಎಲ್ ಸ್ಕೀಮಾದ ದಶಮಾಂಶ ವಿಧವು ಸಂಖ್ಯೆಯೆಂದೇ ಒಪ್ಪುವುದಿಲ್ಲ; 125000 ಎಂದೇ ಬರೆಯಬೇಕು. 12 ಅಂಕಿಗಳ ಇ-ವೇ ಬಿಲ್ ಸಂಖ್ಯೆಯನ್ನು ಹಾಳೆಯು ಸಂಕ್ಷೇಪಿಸಿ, ನಡುವೆ ಇಂಗ್ಲಿಷಿನ 'ಇ' ಅಕ್ಷರ ಸೇರಿಸಿ ತೋರಿಸುತ್ತದೆ. ಹಾಗೆಯೇ ರಫ್ತಾದರೆ ಅದೂ ತಿರಸ್ಕೃತ. 0045 ಎಂಬ ಬಿಲ್ ಸಂಖ್ಯೆ 45 ಆಗಿಬಿಡುತ್ತದೆ. 15 ಅಂಕಿಗಳನ್ನು ಮೀರಿದ ಖಾತೆ ಸಂಖ್ಯೆಯ ಕೊನೆಯ ಅಂಕಿಗಳು ಸೊನ್ನೆಗಳಾಗುತ್ತವೆ. ಇಂಥ ಅಂಕಣಗಳನ್ನು ಮೊದಲೇ 'ಪಠ್ಯ' ಎಂದು ಗುರುತಿಸಿಡುವುದೊಂದೇ ಪರಿಹಾರ.

ಇ-ಇನ್‌ವಾಯ್ಸ್‌ನ ಸ್ಕೀಮಾದಲ್ಲಿ ಬಿಲ್ ಸಂಖ್ಯೆ 16 ಅಕ್ಷರಗಳನ್ನು ಮೀರುವಂತಿಲ್ಲ, ಸೊನ್ನೆಯಿಂದ ಪ್ರಾರಂಭವಾಗುವಂತೆಯೂ ಇಲ್ಲ. ಹಳೆಯ ರೂಢಿಯಂತೆ 001ರಿಂದ ಬಿಲ್ ಪುಸ್ತಕ ತೆರೆಯುವವರು ಇದನ್ನು ಗಮನಿಸಬೇಕು. ಇನ್ನು ಖಾಲಿ ಬಿಟ್ಟ ಅಂಶಗಳ ವಿಚಾರ. ತೂಕ ತಿಳಿಯದಿದ್ದಾಗ ತೂಕದ ಟ್ಯಾಗನ್ನು ಬರೆದು ಒಳಗೆ ಏನೂ ತುಂಬದಿದ್ದರೆ ಸಂಖ್ಯೆಯ ವಿಧ ಅದನ್ನು ಒಪ್ಪುವುದಿಲ್ಲ. ಅಂಶವು ಐಚ್ಛಿಕವಾಗಿದ್ದರೆ ಟ್ಯಾಗನ್ನೇ ಬಿಟ್ಟುಬಿಡಬೇಕು. 'ಇಲ್ಲ' ಎನ್ನುವುದಕ್ಕೂ 'ಇದೆ, ಆದರೆ ಖಾಲಿ' ಎನ್ನುವುದಕ್ಕೂ ಯಂತ್ರದ ದೃಷ್ಟಿಯಲ್ಲಿ ಅಂತರವಿದೆ.

ದಿನಾಂಕದ ವಿಷಯ ಇನ್ನೂ ಸೂಕ್ಷ್ಮವಾದುದು. 2025ರ ಏಪ್ರಿಲ್ 5ನೆಯ ದಿನವನ್ನು ಎಕ್ಸ್‌ಎಂಎಲ್ ಸ್ಕೀಮಾದ ದಿನಾಂಕ ವಿಧವು 2025-04-05 ಎಂದು ಬಯಸುತ್ತದೆ. ಇ-ಇನ್‌ವಾಯ್ಸ್ 05/04/2025 ಎಂದು ಕೇಳುತ್ತದೆ. ಟ್ಯಾಲಿಯ ಎಕ್ಸ್‌ಎಂಎಲ್ ಕಡತದಲ್ಲಿ ಅದೇ ದಿನ 20250405 ಆಗಿರುತ್ತದೆ. ಗಣಕಯಂತ್ರವು ಅಮೆರಿಕದ ಪದ್ಧತಿಗೆ ಹೊಂದಿಸಲ್ಪಟ್ಟಿದ್ದರೆ ಹಾಳೆಯಲ್ಲಿ ಅದು 04/05/2025 ಎಂದು ಕಾಣುತ್ತದೆ. ಮೊದಲ ಮೂರು ರೂಪಗಳನ್ನು ಅದಲುಬದಲು ಮಾಡಿದರೆ ಕಡತ ತಿರಸ್ಕೃತವಾಗುವುದರಿಂದ ತಪ್ಪು ತಿಳಿಯುತ್ತದೆ. ಕೊನೆಯದನ್ನು ದಿನ, ತಿಂಗಳು, ವರ್ಷದ ಕ್ರಮದಲ್ಲಿ ಓದುವ ವ್ಯವಸ್ಥೆಗೆ ಕಳುಹಿಸಿದರೆ ಏಪ್ರಿಲ್ 5 ಮೇ 4 ಆಗಿಬಿಡುತ್ತದೆ. ಆಕಾರ ಸರಿಯಿರುವುದರಿಂದ ಸ್ಕೀಮಾ ಅದನ್ನು ತಡೆಯಲಾರದು.

ಕನ್ನಡದ ಅಕ್ಷರಗಳನ್ನು ಯಂತ್ರ ಎಣಿಸುವ ಬಗೆ

ಕನ್ನಡದಲ್ಲಿ ಹೆಸರು, ವಿಳಾಸಗಳನ್ನು ಇಡುವ ವರ್ತಕರಿಗೆ ಇನ್ನೊಂದು ವಿಚಿತ್ರ ಎದುರಾಗುತ್ತದೆ. 'ಮಂಡ್ಯ' ಎಂಬುದು ಕಣ್ಣಿಗೆ ಎರಡಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಅದು ಮ, ಅನುಸ್ವಾರ, ಡ, ವಿರಾಮ ಚಿಹ್ನೆ, ಯ ಎಂದು ಐದು. 'ಮದ್ದೂರು' ಕಣ್ಣಿಗೆ ಮೂರು, ಲೆಕ್ಕಕ್ಕೆ ಏಳು. 'ಮಳವಳ್ಳಿ' ಕಣ್ಣಿಗೆ ನಾಲ್ಕು, ಲೆಕ್ಕಕ್ಕೆ ಏಳು. ಸ್ಕೀಮಾವು ಗರಿಷ್ಠ ಉದ್ದವನ್ನು ವಿಧಿಸಿದ್ದಲ್ಲಿ ಎಣಿಕೆಗೆ ಬರುವುದು ಈ ಎರಡನೆಯ ಲೆಕ್ಕ. ಮುಂದೆ ದತ್ತಕೋಶದಲ್ಲಿ ಬೈಟ್‌ಗಳ ಮಿತಿಯೂ ಇದ್ದರೆ, ಯುಟಿಎಫ್-8 ವಿಧಾನದಲ್ಲಿ ಪ್ರತಿಯೊಂದಕ್ಕೂ ಮೂರು ಬೈಟ್‌ಗಳಂತೆ 'ಮಂಡ್ಯ' 15 ಬೈಟ್‌ಗಳನ್ನು ಆಕ್ರಮಿಸುತ್ತದೆ. ಚಿಕ್ಕದಾಗಿ ಕಾಣುವ ವಿಳಾಸವೂ 'ಮಿತಿ ಮೀರಿದೆ' ಎಂದು ಹಿಂದಿರುಗುವುದರ ರಹಸ್ಯ ಇದೇ.

ಯೂನಿಕೋಡ್‌ಗೆ ಮುಂಚಿನ ಕಾಲದ ಫಾಂಟುಗಳಲ್ಲಿ ಟೈಪು ಮಾಡಿದ ಹಳೆಯ ಗಿರಾಕಿಪಟ್ಟಿಗಳದ್ದು ಬೇರೆಯೇ ಕಥೆ. ಆ ಫಾಂಟುಗಳಲ್ಲಿ ಪರದೆಯ ಮೇಲೆ ಕನ್ನಡ ಕಾಣುತ್ತಿದ್ದರೂ ಒಳಗೆ ಇದ್ದುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳು. ಅದನ್ನು ಪರಿವರ್ತಿಸದೆ ಎಕ್ಸ್‌ಎಂಎಲ್‌ಗೆ ತುಂಬಿದರೆ ಓದಲಾಗದ ಅಕ್ಷರರಾಶಿ ಹೋಗುತ್ತದೆ. ಆ ರಾಶಿಯೂ 'ಪಠ್ಯ'ವೇ ಆದ್ದರಿಂದ ತಾಳೆ ಪರೀಕ್ಷೆ ಬಹುತೇಕ ಚಕಾರವೆತ್ತದೆ ಒಪ್ಪಿಗೆ ಕೊಡುತ್ತದೆ. ದೋಷ ಬೆಳಕಿಗೆ ಬರುವುದು ಆಚೆ ಬದಿಯಲ್ಲಿ ವಿಳಾಸದ ಚೀಟಿ ಮುದ್ರಣವಾದ ಮೇಲೆ.

ಹೆಚ್ಚಿನ ಅಪಾಯ: ಒಪ್ಪಿಗೆ

ಇಲ್ಲಿಯೇ ವಿಷಯದ ತಿರುಳಿದೆ. ತಿರಸ್ಕಾರವು ಕಿರಿಕಿರಿ ತಂದರೂ ಪ್ರಾಮಾಣಿಕವಾದುದು. ಏನೋ ಸರಿಯಿಲ್ಲವೆಂದು ಅದು ಹೇಳುತ್ತದೆ. ಅನಿರೀಕ್ಷಿತ ಫಲಿತಾಂಶಗಳಲ್ಲಿ ಹೆಚ್ಚು ಭಯಪಡಬೇಕಾದುದು, ಬೀಳಬೇಕಾಗಿದ್ದ ಕಡತಕ್ಕೆ ಒಪ್ಪಿಗೆ ದೊರೆಯುವುದಕ್ಕೆ.

ಪ್ರತಿಯೊಂದು ಸ್ಕೀಮಾಕ್ಕೂ 'ನೇಮ್‌ಸ್ಪೇಸ್' ಎಂಬ ಕುಲನಾಮವೊಂದಿರಬಹುದು. ಕಡತದಲ್ಲಿ ಬರೆದ ಕುಲನಾಮಕ್ಕೂ ಸ್ಕೀಮಾದ ಕುಲನಾಮಕ್ಕೂ ಒಂದಕ್ಷರದ ವ್ಯತ್ಯಾಸವಿದ್ದರೂ ಅವೆರಡೂ ಪರಸ್ಪರ ಅಪರಿಚಿತ. ಆಗ ಕೆಲವು ಪರೀಕ್ಷಕ ತಂತ್ರಾಂಶಗಳು ಕಡತವನ್ನು ತಿರಸ್ಕರಿಸುತ್ತವೆ. ಇನ್ನು ಕೆಲವು, ಹೋಲಿಸಲು ನಿಯಮವೇ ದೊರೆಯಲಿಲ್ಲವೆಂಬ ಎಚ್ಚರಿಕೆಯನ್ನು ಒಳಗೇ ಇಟ್ಟುಕೊಂಡು, 'ದೋಷಗಳಿಲ್ಲ' ಎಂದು ವರದಿ ಮಾಡುತ್ತವೆ. ದೋಷವಿಲ್ಲವೆಂದರೆ ಪರೀಕ್ಷೆಯಲ್ಲಿ ಉತ್ತೀರ್ಣವಾಯಿತು ಎಂದೂ ಅರ್ಥವಾಗಬಹುದು, ಪರೀಕ್ಷೆಯೇ ನಡೆಯಲಿಲ್ಲ ಎಂದೂ ಅರ್ಥವಾಗಬಹುದು.

ಕಬ್ಬಿನ ಗಾಡಿಗಳನ್ನು ತೂಗುವ ಈ ಜಿಲ್ಲೆಯ ಜನರಿಗೆ ಇದನ್ನು ವಿವರಿಸಬೇಕಾಗಿಲ್ಲ. ವೇಬ್ರಿಡ್ಜ್ ಸರಿಯಿದೆಯೇ ಎಂದು ತಿಳಿಯಲು ಗೊತ್ತಿರುವ ತೂಕವೊಂದನ್ನು ಅದರ ಮೇಲಿಟ್ಟು ನೋಡುತ್ತಾರೆ. ಪರೀಕ್ಷಕ ತಂತ್ರಾಂಶಕ್ಕೂ ಅದೇ ಉಪಾಯ. ಬೇಕೆಂದೇ ಕಡತದ ಪ್ರತಿಯೊಂದರಲ್ಲಿ ಮೊತ್ತದ ಜಾಗದಲ್ಲಿ 'ಬೆಲ್ಲ' ಎಂದು ಬರೆದು ಪರೀಕ್ಷೆಗೆ ಒಡ್ಡಬೇಕು. ಅದಕ್ಕೂ ಒಪ್ಪಿಗೆ ದೊರೆತರೆ ಅಲ್ಲಿ ಪರೀಕ್ಷೆ ನಡೆಯುತ್ತಿಲ್ಲವೆಂಬುದು ಖಚಿತ. ಎರಡು ನಿಮಿಷದ ಈ ಕೆಲಸವನ್ನು ಮಾಡಿಸದೆ 'ನಮ್ಮ ಕಡತ ಸರಿಯಿದೆ' ಎಂದು ಖರೀದಿದಾರರೊಡನೆ ವಾದಿಸುವುದು ವ್ಯರ್ಥ.

ಒಂದೇ ಕಡತ ಇಲ್ಲಿ ಒಪ್ಪಿತವಾಗಿ ಅಲ್ಲಿ ತಿರಸ್ಕೃತವಾಗುವುದಕ್ಕೂ ಕಾರಣಗಳಿವೆ. ಎರಡೂ ಕಡೆ ಇರುವ ಸ್ಕೀಮಾದ ಆವೃತ್ತಿ ಬೇರೆಯಿರಬಹುದು. 2012ರಲ್ಲಿ ಬಂದ ಎಕ್ಸ್‌ಎಂಎಲ್ ಸ್ಕೀಮಾ 1.1ರಲ್ಲಿ, ಒಂದು ಅಂಶದ ಬೆಲೆಯನ್ನು ಇನ್ನೊಂದರೊಡನೆ ಹೋಲಿಸುವ ನಿಯಮಗಳನ್ನು ಬರೆಯಲು ಅವಕಾಶವಿದೆ, 1.0ನ್ನು ಮಾತ್ರ ಬಲ್ಲ ತಂತ್ರಾಂಶಗಳಿಗೆ ಅವು ಅರ್ಥವಾಗುವುದಿಲ್ಲ. ಅಲ್ಲದೆ ಸ್ಕೀಮಾದ ಬಳಿಕ ಸ್ವೀಕರಿಸುವ ವ್ಯವಸ್ಥೆಯು ತನ್ನದೇ ಆದ ವ್ಯವಹಾರ ನಿಯಮಗಳನ್ನೂ ಅನ್ವಯಿಸುತ್ತದೆ.

ಆಕಾರ ಬೇರೆ, ಸತ್ಯ ಬೇರೆ

ಪರೀಕ್ಷೆ ಸಮರ್ಪಕವಾಗಿ ನಡೆದರೂ ಅದು ನೋಡುವುದು ಆಕಾರವನ್ನು ಮಾತ್ರ. ಬೆಳ್ಳಗಿರುವುದೆಲ್ಲ ಹಾಲಲ್ಲ. 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆ 29ರಿಂದ ಪ್ರಾರಂಭವಾಗಿ ನಿಗದಿತ ಮಾದರಿಗೆ ಹೊಂದಿದರೆ ಸ್ಕೀಮಾ ತೃಪ್ತಿಪಡುತ್ತದೆ. ಅದು ಬೇರೊಬ್ಬ ಗಿರಾಕಿಯ ಸಂಖ್ಯೆಯಾಗಿದ್ದರೆ ಅದಕ್ಕೆ ತಿಳಿಯದು. ಟ್ಯಾಲಿಯ ಎಕ್ಸ್‌ಎಂಎಲ್‌ನಲ್ಲಿ ಖರ್ಚಿನ ಬದಿಯ, ಅಂದರೆ ಡೆಬಿಟ್ ಮೊತ್ತಕ್ಕೆ ಋಣಚಿಹ್ನೆ ಇರುತ್ತದೆ. ಇದನ್ನರಿಯದೆ ಚಿಹ್ನೆಯನ್ನು ತೆಗೆದುಹಾಕಿದರೂ ಸಂಖ್ಯೆ ಸಂಖ್ಯೆಯಾಗಿಯೇ ಉಳಿಯುತ್ತದೆ, ಕೆಡುವುದು ಲೆಕ್ಕ.

ಮಂಡ್ಯದ ಬೆಲ್ಲದ ವ್ಯಾಪಾರವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. 2022ರ ಜುಲೈ 18ರಿಂದ, ಮೊದಲೇ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಬೆಲ್ಲಕ್ಕೆ ಶೇ. 5ರ ಜಿಎಸ್‌ಟಿ ಅನ್ವಯವಾಯಿತು. ಬಿಡಿಯಾಗಿ ಮಾರುವ ಬೆಲ್ಲ ವಿನಾಯಿತಿಯಲ್ಲೇ ಉಳಿಯಿತು. ಪೊಟ್ಟಣದ ಬೆಲ್ಲವನ್ನು ಬಿಡಿ ಬೆಲ್ಲವೆಂದು ತಂತ್ರಾಂಶದಲ್ಲಿ ನಮೂದಿಸಿದರೆ ಸೊನ್ನೆ ಎಂಬ ತೆರಿಗೆ ದರವೂ ಒಂದು ಯೋಗ್ಯ ಸಂಖ್ಯೆಯೇ. ಪ್ರಪಂಚದ ಯಾವ ಸ್ಕೀಮಾವೂ ಗೋದಾಮಿಗೆ ಬಂದು ಲೇಬಲ್ ಇದೆಯೇ ಎಂದು ನೋಡುವುದಿಲ್ಲ. ಅದನ್ನು ನೋಡಬಲ್ಲವರು ಮಾಲೀಕರು ಮತ್ತು ಅವರ ಗುಮಾಸ್ತರು.

ತಪ್ಪಿನ ಬೆಲೆಯೂ ಈಗ ಹೆಚ್ಚಿದೆ. 2023ರ ಆಗಸ್ಟ್ 1ರಿಂದ, ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿಗಳನ್ನು ಮೀರಿದ ಉದ್ದಿಮೆಗಳಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ನಿಯಮಾವಳಿಯ 48ನೆಯ ನಿಯಮದಂತೆ, ಇದಕ್ಕೆ ಒಳಪಟ್ಟವರು ಬೇರೆ ರೀತಿಯಲ್ಲಿ ಕೊಟ್ಟ ಬಿಲ್ಲನ್ನು ಬಿಲ್ಲೆಂದೇ ಪರಿಗಣಿಸುವುದಿಲ್ಲ. 10 ಕೋಟಿ ಮತ್ತು ಅದಕ್ಕೆ ಮೇಲ್ಪಟ್ಟ ವಹಿವಾಟುದಾರರು 2025ರ ಏಪ್ರಿಲ್ 1ರಿಂದ ಬಿಲ್ಲಿನ ದಿನಾಂಕದಿಂದ 30 ದಿನಗಳೊಳಗೆ ಅದನ್ನು ದಾಖಲಿಸಬೇಕಾಗಿದೆ. ಹೀಗಿರುವಾಗ ತಿರಸ್ಕೃತ ಕಡತವನ್ನು 'ಆಮೇಲೆ ನೋಡೋಣ' ಎಂದು ಬಿಟ್ಟರೆ, ಖರೀದಿದಾರರಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯದೆ ಅವರು ಹಣ ತಡೆಹಿಡಿಯುವ ಪರಿಸ್ಥಿತಿ ಒದಗುತ್ತದೆ. ಸಣ್ಣ ಘಟಕಕ್ಕೆ ಒಂದು ತಿಂಗಳ ಹಣ ತಡೆದರೆ ಕೂಲಿಯ ಬಟವಾಡೆಯೇ ಕಷ್ಟ.

ಅನುಸರಿಸಬೇಕಾದ ಕ್ರಮ

ತೊಡಕು ಎದುರಾದಾಗ ಗಾಬರಿಯಿಂದ ಕಡತವನ್ನು ತಿದ್ದುತ್ತ ಹೋಗುವುದರಿಂದ ಮೂಲ ದೋಷವೂ ಮುಚ್ಚಿಹೋಗುತ್ತದೆ. ಮೊದಲು ತಿರಸ್ಕೃತ ಕಡತವನ್ನೂ ಅದಕ್ಕೆ ಬಂದ ಉತ್ತರವನ್ನೂ ಇದ್ದಂತೆಯೇ ಪ್ರತಿ ಮಾಡಿಡಬೇಕು. ಎರಡನೆಯದಾಗಿ, ಕಡತದ ಮೂಲ ರಚನೆ ಮತ್ತು ಅಕ್ಷರ ಸಂಕೇತ ಸರಿಯಿದೆಯೇ ಎಂದು ನೋಡಬೇಕು. ಮೂರನೆಯದಾಗಿ, ನೇಮ್‌ಸ್ಪೇಸ್ ಮತ್ತು ಸ್ಕೀಮಾದ ಆವೃತ್ತಿ ಸ್ವೀಕರಿಸುವವರದಕ್ಕೆ ಸರಿಹೊಂದುತ್ತದೆಯೇ ಎಂದು ಕೇಳಿ ತಿಳಿಯಬೇಕು. ನಾಲ್ಕನೆಯದಾಗಿ, ಬೇಕೆಂದೇ ತಪ್ಪು ಮಾಡಿದ ಕಡತದಿಂದ ಪರೀಕ್ಷಕವನ್ನೇ ಪರೀಕ್ಷಿಸಬೇಕು. ಐದನೆಯದಾಗಿ, ನೂರು ಬಿಲ್ಲುಗಳ ಕಡತವನ್ನು ಐವತ್ತು, ಇಪ್ಪತ್ತೈದು ಎಂದು ಅರ್ಧರ್ಧ ಮಾಡುತ್ತ ಹೋದರೆ ದೋಷವಿರುವ ಬಿಲ್ಲು ಏಳು ಸುತ್ತುಗಳೊಳಗೆ ಸಿಕ್ಕಿಬೀಳುತ್ತದೆ. ಕೊನೆಯದಾಗಿ, ಒಪ್ಪಿಗೆ ದೊರೆತ ಮೇಲೂ ಬಿಲ್ಲುಗಳ ಸಂಖ್ಯೆ, ಒಟ್ಟು ಮೊತ್ತ, ಒಟ್ಟು ತೆರಿಗೆ ಈ ಮೂರನ್ನು ಪುಸ್ತಕದೊಡನೆ ಹೋಲಿಸಬೇಕು. ಟ್ಯಾಲಿಯಲ್ಲಿ ಆಮದು ಮುಗಿದಾಗ ಎಷ್ಟು ಸೃಷ್ಟಿಯಾದವು, ಎಷ್ಟು ಬದಲಾದವು, ಎಷ್ಟನ್ನು ಕೈಬಿಡಲಾಯಿತು, ಎಷ್ಟು ದೋಷಗಳು ಎಂಬ ಎಣಿಕೆ ದೊರೆಯುತ್ತದೆ. ಅದನ್ನು ಓದದೆ ಕಿಟಕಿಯನ್ನು ಮುಚ್ಚುವುದು ಚಿಲ್ಲರೆ ಎಣಿಸದೆ ಗಲ್ಲಾಪೆಟ್ಟಿಗೆ ಮುಚ್ಚಿದಂತೆ.

ಹೊಣೆ ಯಾರದು?

ಇದೆಲ್ಲ ಲೆಕ್ಕಪರಿಶೋಧಕರ ಕೆಲಸ, ಇಲ್ಲವೆ ತಂತ್ರಾಂಶ ಕೊಟ್ಟವರ ಕೆಲಸ ಎಂಬ ವಾದವುಂಟು. ಸಣ್ಣ ಉದ್ದಿಮೆದಾರರ ಕೈಯಲ್ಲಿ ಸಮಯವೂ ಸಿಬ್ಬಂದಿಯೂ ಕಡಮೆಯಿರುವುದರಿಂದ ಆ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ತಂತ್ರಾಂಶದವರು ಬಲ್ಲದ್ದು ಕಡತದ ಆಕಾರ. ಲೆಕ್ಕಪರಿಶೋಧಕರು ಬಲ್ಲದ್ದು ಕಾನೂನು. ಲಾರಿಯಲ್ಲಿ ಹೋದದ್ದು ಯಾವ ಸರಕು, ಎಷ್ಟು, ಯಾರಿಗೆ ಎಂಬುದನ್ನು ಬಲ್ಲವರು ಮಾಲೀಕರೊಬ್ಬರೇ. ಮೂವರ ತಿಳಿವೂ ಕೂಡದಿದ್ದರೆ ಒಪ್ಪಿತವಾದ ಸುಳ್ಳು ಲೆಕ್ಕ ವರ್ಷಗಟ್ಟಲೆ ಸಾಗಬಹುದು. ಅದು ಹೊರಬೀಳುವುದು ನೋಟಿಸು ಬಂದ ದಿನ.

ಹೊಣೆಯು ದೊಡ್ಡ ಖರೀದಿದಾರರ ಮೇಲೂ ಇದೆ. ಎಕ್ಸ್‌ಎಂಎಲ್ ಕಡತ ಕೊಡಿ ಎಂದು ಕೇಳುವವರು ಸ್ಕೀಮಾದ ಪ್ರತಿಯನ್ನೂ, ಭರ್ತಿ ಮಾಡಿದ ಒಂದು ಮಾದರಿ ಕಡತವನ್ನೂ, ಆವೃತ್ತಿ ಬದಲಾಗುವ ದಿನಾಂಕವನ್ನೂ ಮುಂಚಿತವಾಗಿ ಲಿಖಿತದಲ್ಲಿ ಕೊಡುವುದು ನ್ಯಾಯ. ಒಬ್ಬೊಬ್ಬರಾಗಿ ಕೇಳಿದರೆ ಸಣ್ಣ ಘಟಕದ ಮಾತು ನಡೆಯದಿರಬಹುದು. ವಾಣಿಜ್ಯ ಮಂಡಳಿಯ ಮೂಲಕ ಒಟ್ಟಾಗಿ ಕೇಳಿದರೆ ನಡೆದೀತು. ಸರಿಯಾದ ಒಂದು ಕಡತ ಮತ್ತು ಬಗೆಬಗೆಯ ತಪ್ಪುಗಳುಳ್ಳ ಹತ್ತು ಕಡತಗಳ ಒಂದು ಸಂಗ್ರಹವನ್ನು ಮಂಡಳಿಯು ಸಿದ್ಧಪಡಿಸಿ, ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಸರದಿಯಂತೆ ಲೆಕ್ಕಿಗರನ್ನು ಕೂರಿಸಿ ಅರ್ಧ ದಿನ ತೋರಿಸಿಕೊಟ್ಟರೂ ಸಾಕು. ಇದಕ್ಕೆ ತಗಲುವ ವೆಚ್ಚ ಒಂದು ಲಾರಿ ಎರಡು ದಿನ ಕಾದು ನಿಲ್ಲುವ ವೆಚ್ಚಕ್ಕಿಂತ ಬಹಳ ಹೆಚ್ಚಾಗಲಾರದು.

ತಕ್ಕಡಿಯ ಮುಳ್ಳು ನಡುವೆ ನಿಂತರೆ ಎರಡೂ ತಟ್ಟೆಗಳ ತೂಕ ಸಮವೆಂದಷ್ಟೇ ಅರ್ಥ. ತಟ್ಟೆಯಲ್ಲಿರುವುದು ಬೆಲ್ಲವೋ ಮಣ್ಣೋ ಎಂಬುದನ್ನು ಅದು ಹೇಳುವುದಿಲ್ಲ. ತಾಳೆ ಪರೀಕ್ಷೆಯ ಫಲಿತಾಂಶವನ್ನೂ ವರ್ತಕರು ಅಷ್ಟೇ ಮಟ್ಟಿಗೆ ನಂಬಿ, ಉಳಿದುದನ್ನು ತಮ್ಮ ಕಣ್ಣಿನಿಂದಲೇ ನೋಡಿಕೊಳ್ಳುವುದು ಕ್ಷೇಮಕರ.